ಗೋಣಿಯ ಮೇಲೆ ಹರವಿದ ಪುಸ್ತಕಗಳು

ಚೆನ್ನೈಯಲ್ಲಿ ಯಾರಾದರೂ ಪ್ಯಾರೀಸ್ ಕಾರ್ನರಿಗೆ ಹೊರಟರೆ ಏನು ತರಲಿಕ್ಕೆ ಎಂದು ಕೇಳುತ್ತಾರೆ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಬೀಗ, ಹಗ್ಗ, ಬಲ್ಬು, ಪಾತ್ರೆ, ಮದುವೆ ಕಾಗದ, ಸಗಟಿಗೆ ಬೇಕಾದದ್ದೆಲ್ಲ ಇಲ್ಲಿಯ ಗಲ್ಲಿಗಳಲ್ಲಿ ಸಿಗುತ್ತದೆ. ಈ ಮೂಲೆಯ ಸುತ್ತಮುತ್ತ ಬಹಳ ಕಾಲದಿಂದ ಇನ್ನೊಂದು ಸರಕೂ ಮಾರಾಟವಾಗಿದೆ. ಅದು ಪುಸ್ತಕ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತ ನಾನು ಕೂದಲು ಹಣ್ಣು ಮಾಡಿಕೊಂಡದ್ದು ಇದೇ ಜಾರ್ಜ್ ಟೌನಿನಲ್ಲಿ. ಈ ವಯಸ್ಸಿನ ಮಕ್ಕಳು ತಮ್ಮ ಖುಷಿಗೆ ಓದುವಂತೆ ಮಾಡುವುದು ಹೇಗೆ ಎಂದು ಈಗ ಎಲ್ಲೆಡೆ ಕೇಳುತ್ತಾರೆ. ನಾನು ಉತ್ತರ ಹುಡುಕಿದ್ದು ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಅಲ್ಲ, ಈ ಬೀದಿಗಳ ಚರಿತ್ರೆಯಲ್ಲಿ.

ಮೂಲೆಗೆ ಹೆಸರು ಕೊಟ್ಟ ಥಾಮಸ್ ಪ್ಯಾರಿ ವೇಲ್ಸ್ ದೇಶದವನು. 1788ರಲ್ಲಿ ಮದ್ರಾಸಿಗೆ ಬಂದು ವ್ಯಾಪಾರಕ್ಕಿಳಿದ. 1803ರಲ್ಲಿ ಈ ಮೂಲೆಯ ಜಾಗ ಕೊಂಡ. ಆಗ ಸಮುದ್ರ ಹೆಚ್ಚುಕಡಿಮೆ ಬಾಗಿಲಿಗೇ ಬರುತ್ತಿತ್ತು, ಬಂದರು ಕಟ್ಟಿದ ಮೇಲೆ ಹಿಂದೆ ಸರಿಯಿತು. ಈಗ ಕಾಣುವ ಡೇರ್ ಹೌಸ್ ಕಟ್ಟಡ 1940ರದು. ಎದುರಿಗೆ 1892ರ ಹೈಕೋರ್ಟು. ಕೋರ್ಟಿನ ಮುಂದೆ ಹಾದು ಪಶ್ಚಿಮಕ್ಕೆ ಹೋಗುವ, ಹಿಂದೆ ಚೀನಾ ಬಜಾರ್ ಎಂದು ಕರೆಸಿಕೊಂಡ ರಸ್ತೆಗೆ ಈಗ ನೇತಾಜಿಯ ಹೆಸರಿದೆ. ಕಪ್ಪು ಪಟ್ಟಣ ಎಂದಿದ್ದ ಊರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಾರ್ಜ್ ಟೌನ್ ಆಯಿತು. ಹೆಸರುಗಳ ಕಥೆ ಇಷ್ಟು ಸಾಕು.

ಹೈಕೋರ್ಟಿನ ಎದುರಿನ ಸಾಲಿನಲ್ಲೇ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಇತ್ತು. 1837ರಲ್ಲಿ ಜಾನ್ ಆಂಡರ್ಸನ್ ಎಂಬ ಸ್ಕಾಟಿಷ್ ಪಾದ್ರಿ ಶುರುಮಾಡಿದ ಶಾಲೆಯಿಂದ ಬೆಳೆದದ್ದು. ಸರಿಯಾಗಿ ನೂರು ವರ್ಷದ ಮೇಲೆ, 1937ರಲ್ಲಿ, ತಾಂಬರಂಗೆ ಹೋಯಿತು. ಆಂಡರ್ಸನ್ ಹೆಸರಿನ ಚರ್ಚು ಇವತ್ತಿಗೂ ಇಲ್ಲಿದೆ. ನಮ್ಮ ಮಂಜೇಶ್ವರದ ಕವಿ ಗೋವಿಂದ ಪೈಗಳು ಓದಲು ಬಂದದ್ದು ಈ ಕಾಲೇಜಿಗೆ. ತಂದೆಯ ಕಾರಣಕ್ಕೆ ಪದವಿ ಮುಗಿಸದೆ ಊರಿಗೆ ಹಿಂತಿರುಗಬೇಕಾಯಿತು. ಆದರೆ ಓದು ನಿಲ್ಲಲಿಲ್ಲ. ಮಂಜೇಶ್ವರದ ಮನೆಯೇ ಗ್ರಂಥಾಲಯವಾಯಿತು, ಎಷ್ಟೋ ಭಾಷೆಗಳ ಪುಸ್ತಕ ಅಲ್ಲಿಗೆ ಬಂದು ಸೇರಿತು. ಪರೀಕ್ಷೆ ಕೈಬಿಟ್ಟವರ ಕೈ ಪುಸ್ತಕವನ್ನು ಬಿಡಲಿಲ್ಲ ಎಂಬುದನ್ನು ನಾನು ನನ್ನ ಎಂಟನೇ ತರಗತಿಯವರಿಗೆ ಪ್ರತಿ ವರ್ಷ ಹೇಳುತ್ತಿದ್ದೆ.

ಏಕೆಂದರೆ ಶಾಲೆಯ ಓದಿಗೆ ಈ ಪ್ರಾಂತದಲ್ಲಿ ಪರೀಕ್ಷೆಯ ಉರುಳು ಬಿದ್ದದ್ದು ಬಹಳ ಹಿಂದೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಸರ್ಕಾರ ಖಾಸಗಿ ಶಾಲೆಗಳಿಗೆ ಫಲಿತಾಂಶ ನೋಡಿ ಹಣ ಕೊಡುತ್ತಿತ್ತು. ಇನ್‌ಸ್ಪೆಕ್ಟರು ಬರುತ್ತಾರೆ, ಮಗುವನ್ನು ನಿಲ್ಲಿಸಿ ಓದಿಸುತ್ತಾರೆ, ಬರೆಸುತ್ತಾರೆ, ಲೆಕ್ಕ ಮಾಡಿಸುತ್ತಾರೆ. ಪಾಸಾದ ತಲೆಗೆ ಇಷ್ಟು ಎಂದು ಶಾಲೆಗೆ ಗ್ರಾಂಟು. ಬಡ ಮೇಷ್ಟರು ಏನು ಮಾಡಿಯಾರು? ಇನ್‌ಸ್ಪೆಕ್ಟರು ಕೇಳುವ ಪುಟವನ್ನೇ ವರ್ಷವಿಡೀ ಉರುಹೊಡೆಸಿದರು. ಆ ಗ್ರಾಂಟು ಹೋಗಿ ನೂರು ವರ್ಷದ ಮೇಲಾಯಿತು. ಓದು ಎಂದರೆ ಯಾರೋ ಎದುರು ನಿಂತು ಕೇಳಿ ಅಂಕ ಹಾಕುವ ಕೆಲಸ ಎಂಬ ಭಾವನೆ ಮಾತ್ರ ಶಾಲೆಗಳ ಗೋಡೆಗೆ ಹಾಗೇ ಅಂಟಿಕೊಂಡಿದೆ.

ಅದೇ ಮದ್ರಾಸ್ ವಿದ್ಯಾ ಇಲಾಖೆಯಲ್ಲಿ, ಅದೇ ಇನ್‌ಸ್ಪೆಕ್ಟರ್ ಕೆಲಸದಲ್ಲಿ ಇದ್ದವರು ಪಂಜೆ ಮಂಗೇಶರಾಯರು. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ನಮ್ಮ ಅಜ್ಜಂದಿರ ಪಠ್ಯಪುಸ್ತಕಕ್ಕೆ ಒಪ್ಪಿಗೆ ಸಿಗಬೇಕಾದದ್ದೂ ಮದ್ರಾಸಿನಲ್ಲೇ. ಪಂಜೆಯವರು ಶಾಲೆಯಿಂದ ಶಾಲೆಗೆ ತಿರುಗಿದರು, ಮಕ್ಕಳ ಮುಖ ನೋಡಿದರು, ಆಮೇಲೆ ‘ಗುಡುಗುಡು ಗುಮ್ಮಟ ದೇವರು’, ‘ಇಲಿಗಳ ಥಕಥೈ’ ಮುಂತಾದ ಕಥೆಗಳನ್ನು ಬರೆದರು. ಹೆಸರಲ್ಲೇ ತಾಳ, ಹೆಸರಲ್ಲೇ ನಗು. ಪರೀಕ್ಷೆಗೆ ಪ್ರಶ್ನೆ ಹೆಕ್ಕಲು ಇವುಗಳಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಪರೀಕ್ಷಿಸಲು ಹೋದ ಅಧಿಕಾರಿಯೇ ಮಕ್ಕಳನ್ನು ನಗಿಸುವ ಕಥೆ ಬರೆದದ್ದನ್ನು ಕನ್ನಡ ಬಾಲಸಾಹಿತ್ಯದ ದೊಡ್ಡ ಭಾಗ್ಯವೆಂದೇ ನಾನು ಎಣಿಸುತ್ತೇನೆ. ಅವರ ಹಿಂದೆಯೇ ಶಿವರಾಮ ಕಾರಂತರು ಬಂದರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ಅದು ಮಕ್ಕಳಿಗಾಗಿಯೇ ಮಾಡಿದ ವಿಶ್ವಕೋಶ, ಆ ಕಾಲದಲ್ಲಿ, ಪುತ್ತೂರಿನಂಥ ಊರಿನಲ್ಲಿ ಕೂತು!

ಮತ್ತೆ ಪ್ಯಾರೀಸಿಗೆ. ಇಲ್ಲಿಂದ ಪಶ್ಚಿಮಕ್ಕೆ ನಡೆದರೆ ಪಾರ್ಕ್ ಟೌನಿನ ಕಡೆ ಹಿಂದೆ ಗುಜಿಲಿ ಬಜಾರು ಎಂಬ ಸಂಜೆಸಂತೆ ಕೂಡುತ್ತಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ, ಇಪ್ಪತ್ತರ ಮೊದಲ ದಶಕಗಳಲ್ಲಿ ಅಲ್ಲಿ ಅಗ್ಗದ ಕಾಗದದ ತೆಳ್ಳನೆಯ ಪುಸ್ತಕಗಳು ಮಾರಾಟವಾಗುತ್ತಿದ್ದವು. ಎಲ್ಲೋ ನಡೆದ ಕೊಲೆ, ಹೊಳೆಯ ನೆರೆ, ರೈಲಿನ ಅಪಘಾತ, ದೇವರ ಮಹಿಮೆ, ನಾಟಕದ ಪದ, ಎಲ್ಲವೂ ಹಾಡಿನ ರೂಪದಲ್ಲಿ. ಮಾರುವವನು ಹಾಡಿ ಮಾರುತ್ತಿದ್ದ, ಕೊಂಡವನು ಮನೆಗೆ ಹೋಗಿ ಹಾಡುತ್ತಿದ್ದ. ಬೆಲೆ ಕಾಸುಗಳಲ್ಲಿ, ಹೆಚ್ಚೆಂದರೆ ಒಂದೆರಡು ಆಣೆ. ಪಂಡಿತರು ಇದನ್ನು ಸಾಹಿತ್ಯ ಎನ್ನಲು ಒಪ್ಪಲಿಲ್ಲ, ಗ್ರಂಥಾಲಯಗಳು ಕೂಡಿಡಲಿಲ್ಲ. ಇತಿಹಾಸಕಾರ ಎ.ಆರ್. ವೆಂಕಟಾಚಲಪತಿ ಹುಡುಕಿ ಬರೆದ ಮೇಲೆ ಇವುಗಳಿಗೆ ಒಂದು ಮರ್ಯಾದೆ ಬಂತು. ನನಗಂತೂ ಇವುಗಳ ಮೇಲೆ ಬಲು ಗೌರವ. ಎಷ್ಟೋ ಕೂಲಿಯವರ, ಗಾಡಿಯವರ ಮನೆಯೊಳಗೆ ಮೊಟ್ಟಮೊದಲು ಹೊಕ್ಕ ಅಚ್ಚಿನ ಕಾಗದ ಇದೇ ಇರಬೇಕು. ಓದು ಬಾರದವನು ಓದು ಬಂದ ಹುಡುಗನನ್ನು ಕೂರಿಸಿಕೊಂಡು ಓದಿಸಿರಬೇಕು. ಆ ಹುಡುಗನಿಗೆ ಯಾರೂ ಅರ್ಥ ಬರೆಯಲು ಹೇಳಿರಲಾರರು.

ದೊಡ್ಡವರ ಪುಸ್ತಕದ ಅಂಗಡಿಗಳೂ ಇಲ್ಲೇ ಇದ್ದವು. ಎಸ್ಪ್ಲನೇಡಿನಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್, ಸಂಸ್ಕೃತ ಮತ್ತು ತೆಲುಗು ಗ್ರಂಥಗಳಿಗೆ. ಸುಂಕುರಾಮ ಚೆಟ್ಟಿ ಬೀದಿಯಲ್ಲಿ ಜಿ.ಎ. ನಟೇಶನ್ ಕಂಪನಿ, ಮಹನೀಯರ ಜೀವನಚರಿತ್ರೆಯ ನಾಲ್ಕಾಣೆ ಪುಸ್ತಕಗಳಿಗೆ. 1915ರಲ್ಲಿ ಗಾಂಧೀಜಿ ಮತ್ತು ಕಸ್ತೂರಬಾ ತಂಬು ಚೆಟ್ಟಿ ಬೀದಿಯ ನಟೇಶನ್ನರ ಮನೆಯಲ್ಲೇ ಉಳಿದಿದ್ದರು. ಲಿಂಗಿ ಚೆಟ್ಟಿ ಬೀದಿಯಲ್ಲಿ ಮರೈಮಲೈ ಅಡಿಗಳ್ ಗ್ರಂಥಾಲಯ ಬಹಳ ವರ್ಷ ನಡೆಯಿತು. ಇಂಡಿಯನ್ ಬ್ಯಾಂಕು 1907ರ ಆಗಸ್ಟ್ 15ರಂದು ಬಾಗಿಲು ತೆರೆದದ್ದು ಪ್ಯಾರಿಯ ಕಟ್ಟಡದಲ್ಲೇ. ಅದೇ ಬ್ಯಾಂಕಿನ ನೌಕರರಾಗಿದ್ದವರು ತಮಿಳಿನ ಮಕ್ಕಳ ಕವಿ ಅಳ. ವಳ್ಳಿಯಪ್ಪ. ದಿನದ ಲೆಕ್ಕಪತ್ರ ಮುಗಿಸಿ ಮಕ್ಕಳಿಗೆ ಹಾಡು ಕಟ್ಟಿದರು. 1950ರಲ್ಲಿ ಮಕ್ಕಳ ಲೇಖಕರ ಸಂಘ ಕಟ್ಟಿದರು, ‘ಪೂಂಜೋಲೈ’ ಎಂಬ ಪತ್ರಿಕೆ ನಡೆಸಿದರು, ಕೊನೆಗೆ ‘ಗೋಕುಲಂ’ ಸಂಪಾದಿಸಿದರು. ಆ ಕಾಲದಲ್ಲಿ ತಮಿಳಿನಲ್ಲಿ ಮಕ್ಕಳ ಪತ್ರಿಕೆಗಳ ಸುಗ್ಗಿ. ‘ಕಣ್ಣನ್’, ‘ಅಣಿಲ್’, ‘ಜಿಲ್ ಜಿಲ್’, ‘ಡಿಂಗ್ ಡಾಂಗ್’, ಹೀಗೆ ಹೆಸರುಗಳು. ಹುಡುಗರು ತಮ್ಮ ಕಾಸಿನಲ್ಲಿ ತಾವೇ ಕೊಳ್ಳಬಹುದಾದವು. ಮಗು ತಾನೇ ಆರಿಸಿ, ತಾನೇ ಕಾಸು ಕೊಟ್ಟು ಕೊಂಡ ಪುಸ್ತಕಕ್ಕೂ ಬಹುಮಾನವಾಗಿ ಬಂದ ಪುಸ್ತಕಕ್ಕೂ ಅಜಗಜಾಂತರ ಇದೆ.

ಇನ್ನು ನಮ್ಮವರ ವಿಷಯ. ಈ ಬೀದಿಗಳಿಗೆ ಕನ್ನಡ ಬಂದದ್ದು ಹೆಚ್ಚಾಗಿ ಹೋಟೆಲಿನ ದಾರಿಯಲ್ಲಿ. ವುಡ್‌ಲ್ಯಾಂಡ್ಸ್ ಕಟ್ಟಿ ಹೆಸರಾದ ಕೆ. ಕೃಷ್ಣರಾಯರು 1920ರ ದಶಕದಲ್ಲಿ ಹೋಟೆಲು ಶುರುಮಾಡಿದ್ದು ಇಲ್ಲಿಯ ಆಚಾರಪ್ಪನ್ ಬೀದಿಯಲ್ಲಿ. ಅವರ ಹಿಂದೆ ಉಡುಪಿ, ಕುಂದಾಪುರ ಕಡೆಯಿಂದ ಎಷ್ಟೋ ಹುಡುಗರು ರೈಲು ಹತ್ತಿದರು. ನಮ್ಮ ಅಪ್ಪಯ್ಯ ಅಂಥವರಲ್ಲಿ ಒಬ್ಬರು. ತಂಬು ಚೆಟ್ಟಿ ಬೀದಿಯ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದರು. ನನ್ನ ಓದು ಹುಟ್ಟಿದ್ದು ಆ ಗಲ್ಲಾದ ಪಕ್ಕ, ಪಾರ್ಸೆಲ್ ಕಟ್ಟುವ ಕಾಗದದ ಕಟ್ಟಿನ ಮೇಲೆ. ವಡೆ, ಬೋಂಡಾ ಕಟ್ಟಲು ಹಳೇ ಪೇಪರು, ಹಳೇ ಪತ್ರಿಕೆಗಳನ್ನು ತೂಕದ ಲೆಕ್ಕದಲ್ಲಿ ತರಿಸುತ್ತಿದ್ದರು. ಶಾಲೆ ಬಿಟ್ಟು ಬಂದವಳು ಆ ಕಟ್ಟಿನ ಮೇಲೇ ಕೂರುತ್ತಿದ್ದೆ. ತಮಿಳು, ತೆಲುಗು, ಇಂಗ್ಲಿಷ್, ಎಲ್ಲ ಕಲಸಿಕೊಂಡು ಇರುತ್ತಿತ್ತು. ಸಪ್ಲೈಯರ್ ಬಂದು ಮೇಲಿನ ಹಾಳೆ ಎಳೆದರೆ ಕಥೆ ಅರ್ಧಕ್ಕೆ ಹರಿದುಹೋಗುತ್ತಿತ್ತು. “ಸ್ವಲ್ಪ ತಡಿ ಅಣ್ಣ, ಈ ಪುಟ ಮುಗೀಲಿ” ಎಂದರೆ ಅವನು ಕೆಳಗಿನ ಹಾಳೆ ಎಳೆದುಕೊಳ್ಳುತ್ತಿದ್ದ. ಅಪ್ಪಯ್ಯ ಒಮ್ಮೆಯೂ “ಏನು ಓದಿದೆ?” ಎಂದು ಕೇಳಲಿಲ್ಲ. ನಾನು ಓದುತ್ತಿದ್ದರೆ ಬೀದಿಗಿಳಿಯುವುದಿಲ್ಲ ಎಂಬಷ್ಟೇ ಅವರ ಸಮಾಧಾನ.

ಆ ಕಟ್ಟಿನಲ್ಲಿ ‘ಅಂಬುಲಿಮಾಮ’ ಸಿಗುತ್ತಿತ್ತು. ಊರಿನಿಂದ ಬರುವವರು ‘ಚಂದಮಾಮ’ ತರುತ್ತಿದ್ದರು. ಎರಡೂ ಹುಟ್ಟಿದ್ದು ಒಂದೇ ಮನೆಯಲ್ಲಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈಯಲ್ಲಿ ಮದ್ರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಶುರುಮಾಡಿದ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಕರ್ನಾಟಕದ ಮೂಲೆಮೂಲೆಯ ಮಕ್ಕಳು ಓದಿದ ಚಂದಮಾಮ ಅಚ್ಚಾಗುತ್ತಿದ್ದದ್ದು ಇಲ್ಲಿಯ ವಡಪಳನಿಯಲ್ಲಿ. ಕನ್ನಡ ಮಕ್ಕಳ ಮನೋರಾಜ್ಯದ ಎಷ್ಟು ಪಾಲು ಮದ್ರಾಸಿನಲ್ಲಿ ತಯಾರಾಯಿತು ಎಂದು ಯೋಚಿಸಿದರೆ ಈ ಊರಿನ ಮೇಲೆ ನನಗೆ ಋಣದ ಭಾವನೆ ಬರುತ್ತದೆ.

ಎರಡೂ ಪತ್ರಿಕೆಗಳಲ್ಲಿ ಕಥೆ ಒಂದೇ, ಚಿತ್ರ ಒಂದೇ, ಚಿತ್ರ ಕೂತ ಜಾಗವೂ ಒಂದೇ. ಅಕ್ಷರ ಮಾತ್ರ ಬೇರೆ. ಒಂದೇ ತಿಂಗಳ ಎರಡು ಸಂಚಿಕೆ ಕೈಗೆ ಸಿಕ್ಕಿತೆಂದರೆ ನನಗೆ ಹಬ್ಬ. ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಬಿಡಿಸಿಡುತ್ತಿದ್ದೆ. ಚಿತ್ರಕಾರ ಶಂಕರ್ ಬರೆದ ವಿಕ್ರಮ ಎರಡೂ ಕಡೆ ಕತ್ತಿ ಹಿಡಿದು, ಹೆಗಲ ಮೇಲೆ ಹೆಣ ಹೊತ್ತು ಅದೇ ಸ್ಮಶಾನದಲ್ಲಿ ನಡೆಯುತ್ತಿದ್ದ. ಶಾಲೆಯಲ್ಲಿ ಕಲಿತದ್ದು ತಮಿಳು, ಮನೆಯಲ್ಲಿ ಆಡಿದ್ದು ಕುಂದಾಪುರದ ಕನ್ನಡ, ಅಚ್ಚಿನ ಕನ್ನಡ ಯಾರೂ ಕಲಿಸಿರಲಿಲ್ಲ. ತಮಿಳಿನ ಸಾಲು ಓದಿ, ಚಿತ್ರ ನೋಡಿ, ಕನ್ನಡದ ಸಾಲಿಗೆ ಬರುತ್ತಿದ್ದೆ. ಬೇತಾಳ ಎಂಬುದು ಎಲ್ಲಿದೆ, ರಾಜ ಎಂಬುದು ಎಲ್ಲಿದೆ ಎಂದು ಬೆರಳಿಟ್ಟು ಹುಡುಕುತ್ತಿದ್ದೆ. ಒತ್ತಕ್ಷರ ಕೆಳಗೆ ಜೋತುಬೀಳುವುದು ತಮಿಳಿನಲ್ಲಿ ಇಲ್ಲದ್ದರಿಂದ ಅದೊಂದು ವಿಚಿತ್ರ ಅನಿಸುತ್ತಿತ್ತು. ಆ ಪೊಟ್ಟಣದ ಕಾಗದ ನನಗೆ ಕನ್ನಡ ಓದಲು ಕಲಿಸಿತು. ಮುಂದೆ ಏನಾಯಿತು ಎಂಬ ಆತುರ ಒಂದಿದ್ದರೆ ಮಗು ಲಿಪಿಯನ್ನೂ ದಾಟುತ್ತದೆ ಎಂಬುದು ನನ್ನ ಮೈಯಲ್ಲೇ ಆದ ಅನುಭವ.

ಚಂದಮಾಮದಲ್ಲಿ ಇನ್ನೊಂದು ಸಂಗತಿ ಇತ್ತು. ಎರಡು ಫೋಟೋ ಅಚ್ಚುಹಾಕಿ ಅವಕ್ಕೆ ಒಂದಕ್ಕೊಂದು ಹೊಂದುವ ಹೆಸರು ಬರೆದು ಕಳಿಸಲು ಹೇಳುತ್ತಿದ್ದರು. ಕಾರ್ಡು ಸಾಕು. ನಾನು ಬರೆದು ಪ್ಯಾರೀಸಿನ ಹತ್ತಿರವೇ ಇರುವ ಜನರಲ್ ಪೋಸ್ಟ್ ಆಫೀಸಿಗೆ ಹೋಗಿ ಹಾಕುತ್ತಿದ್ದೆ. ಬೀದಿಯ ಡಬ್ಬಕ್ಕಿಂತ 1884ರ ಆ ಕೆಂಪು ಕಟ್ಟಡದ ಡಬ್ಬದಿಂದ ಬೇಗ ತಲುಪುತ್ತದೆ ಎಂಬ ನಂಬಿಕೆ. ಬಹುಮಾನ ಬರಲಿಲ್ಲ. ಆದರೂ ಓದಿದವಳು ತಿರುಗಿ ಬರೆಯಬಹುದು, ಅದನ್ನು ಓದಲು ಆ ಕಡೆ ಯಾರೋ ಇದ್ದಾರೆ ಎಂಬುದು ಗಟ್ಟಿಯಾಗಿ ಮನಸ್ಸಿನಲ್ಲಿ ಕೂತಿತು.

ದುಡ್ಡು ಕೊಟ್ಟು ಹಳೇ ಪುಸ್ತಕ ಕೊಳ್ಳಬೇಕಾದರೆ ಮೂರ್ ಮಾರ್ಕೆಟ್ಟು. ಬ್ರಾಡ್ವೇಯಲ್ಲಿದ್ದ ಪಾಫಮ್ ಮಾರುಕಟ್ಟೆಯ ವ್ಯಾಪಾರಿಗಳಿಗೆಂದು 1898ರಲ್ಲಿ ಅಡಿಪಾಯ ಹಾಕಿ, 1900ರಲ್ಲಿ ಸೆಂಟ್ರಲ್ ಸ್ಟೇಷನ್ನಿನ ಪಕ್ಕ ತೆರೆದ ಕೆಂಪು ಕಟ್ಟಡ ಅದು. ಪ್ಯಾರೀಸಿನ ಬೀದಿಬದಿ ವ್ಯಾಪಾರವೇ ಸೂರು ಕಟ್ಟಿಕೊಂಡು ಅಲ್ಲಿಗೆ ಹೋಯಿತು ಎನ್ನಬಹುದು. ಹಕ್ಕಿ, ಗ್ರಾಮಫೋನ್ ತಟ್ಟೆ, ಗೊಂಬೆ, ನಡುವೆ ಪುಸ್ತಕ. ಅಪ್ಪಯ್ಯ ರಜೆಯ ದಿನ ಕರೆದುಕೊಂಡು ಹೋಗುತ್ತಿದ್ದರು. ಪುಸ್ತಕದವನು ಗೋಣಿ ಹಾಸಿ ಮುಖಪುಟ ಮೇಲೆ ಮಾಡಿ ಹರವಿರುತ್ತಿದ್ದ. ಮಕ್ಕಳ ಪುಸ್ತಕ ಮುಂದಿನ ಸಾಲಿಗೆ, ನಮ್ಮ ಕೈಗೆ ನಿಲುಕುವಂತೆ. ನಾನು ಕುಕ್ಕರುಗಾಲಲ್ಲಿ ಕೂತು ಓದಲು ಶುರುಮಾಡಿದರೆ ಅವನು ಗದರುತ್ತಿರಲಿಲ್ಲ. “ಓದು ಪಾಪ, ಹಿಡಿಸಿದ್ರೆ ತಗೋ” ಎನ್ನುತ್ತಿದ್ದ ತಮಿಳಿನಲ್ಲಿ. ಓದಿ ಮುಗಿಸಿದ್ದನ್ನು ತಿರುಗಿ ಕೊಟ್ಟರೆ ಸ್ವಲ್ಪ ಕಾಸು ಹಿಡಿದುಕೊಂಡು ಇನ್ನೊಂದು ಕೊಡುತ್ತಿದ್ದ. ಅವನಿಗದು ವ್ಯಾಪಾರ, ನನಗದು ಗ್ರಂಥಾಲಯ. 1985ರ ಮೇ ತಿಂಗಳ ಕೊನೆಯಲ್ಲಿ ಮೂರ್ ಮಾರ್ಕೆಟ್ಟು ಸುಟ್ಟುಹೋಯಿತು. ಪುಸ್ತಕದವರನ್ನು ಪಕ್ಕದ ಅಲ್ಲಿಕುಳಂ ಕಟ್ಟಡಕ್ಕೆ ಕಳಿಸಿದರು. ಹಳೇ ಜಾಗದಲ್ಲಿ ಲೋಕಲ್ ರೈಲಿನ ನಿಲ್ದಾಣ ಎದ್ದಿತು. ನಾನು ಆಗಷ್ಟೇ ಮೇಡಂ ಆಗಿದ್ದೆ. ನನ್ನ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಆಸೆ ಇತ್ತು. ಆ ಬೆಂಕಿಯ ಸಂಕಟ ಇವತ್ತಿಗೂ ಆರಿಲ್ಲ.

ಬೀದಿಯವನು ಗೋಣಿಯ ಮೇಲೆ ಮಾಡಿದ್ದನ್ನೇ ದೊಡ್ಡ ಗ್ರಂಥಾಲಯದಲ್ಲಿ ಮಾಡಿ ತೋರಿಸಿದ ಒಬ್ಬರು ಈ ಊರಿನಲ್ಲಿದ್ದರು. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ಸುತ್ತಿ ನೋಡಿ ಬಂದರು. ಲಂಡನ್ನಿನ ಅಂಗಡಿಯಲ್ಲಿ ಮಕ್ಕಳು ಜೋಡಿಸಿ ಆಡುವ ಮೆಕ್ಯಾನೊ ಆಟಿಕೆ ಕಂಡಾಗ ಅವರಿಗೆ ಪುಸ್ತಕಗಳನ್ನು ವಿಂಗಡಿಸುವ ಹೊಸ ಕ್ರಮ ಹೊಳೆಯಿತು ಎಂಬುದು ಹೆಸರಾದ ಸಂಗತಿ. ಅದಕ್ಕಿಂತ ನನಗೆ ಮುಖ್ಯವಾದದ್ದು, ಓದುಗರನ್ನು ಕಪಾಟುಗಳ ನಡುವೆಯೇ ಬಿಟ್ಟದ್ದು. ಚೀಟಿ ಬರೆದುಕೊಟ್ಟು ಕಾಯುವುದು ಬೇಡ, ಬನ್ನಿ, ನೀವೇ ಮುಟ್ಟಿ ನೋಡಿ ಆರಿಸಿಕೊಳ್ಳಿ ಎಂದರು. ಪುಸ್ತಕ ಇರುವುದು ಕಾಪಾಡಲಿಕ್ಕಲ್ಲ, ಬಳಸಲಿಕ್ಕೆ ಎಂಬುದನ್ನೇ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಮೊದಲ ಸೂತ್ರ ಮಾಡಿದರು. ಅದೇ ವರ್ಷ ಮನ್ನಾರ್ಗುಡಿ ಕಡೆ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೋಗುವ ಗ್ರಂಥಾಲಯವೂ ಹೊರಟಿತು. 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂತು, ಸ್ವತಂತ್ರ ಭಾರತದಲ್ಲಿ ಅಂಥದ್ದು ಮೊದಲನೆಯದು. ಆಗ ಮದ್ರಾಸಿನ ಭಾಗವಾಗಿದ್ದ ದಕ್ಷಿಣ ಕನ್ನಡಕ್ಕೂ ಅದು ಅನ್ವಯಿಸಿತು. ಕರ್ನಾಟಕದ ಕಾನೂನು ಬಂದದ್ದು 1965ರಲ್ಲಿ. ರಂಗನಾಥನ್ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನೆಲೆಸಿ 1972ರಲ್ಲಿ ಅಲ್ಲೇ ತೀರಿಕೊಂಡರು.

ಇಷ್ಟೆಲ್ಲ ನಡೆದ ಊರಿನಲ್ಲಿ ನಾನು ಸೇರಿದ ಶಾಲೆಯ ಪುಸ್ತಕಗಳು ಮುಖ್ಯೋಪಾಧ್ಯಾಯರ ಕೋಣೆಯ ಗಾಜಿನ ಬೀರುವಿನಲ್ಲಿದ್ದವು. ಬೀಗ ಹಾಕಿತ್ತು. ಒಳಗೆ ಒಳ್ಳೊಳ್ಳೆಯ ಪುಸ್ತಕಗಳು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಸಾಲು, ರಷ್ಯಾದಿಂದ ತಮಿಳಿಗೆ ಬಂದ ಬಣ್ಣದ ಕಥೆಗಳು. ಬೆನ್ನು ಮಾತ್ರ ಹೊರಗೆ ಕಾಣುತ್ತಿತ್ತು. ಹನ್ನೆರಡು ವರ್ಷದ ಹುಡುಗನಿಗೆ ಪುಸ್ತಕದ ಬೆನ್ನು ಏನು ಹೇಳೀತು? ಕೇಳಿದರೆ “ಕಳೆದುಹೋದರೆ ಆಡಿಟ್‌ನವರಿಗೆ ಯಾರು ಉತ್ತರ ಕೊಡುವುದು ಟೀಚರ್?” ಎಂಬ ಮಾತು. ಆ ಹೆದರಿಕೆ ಸುಳ್ಳಲ್ಲ. ಕಳೆದದ್ದಕ್ಕೆ ಸಂಬಳದಿಂದ ಮುರಿದುಕೊಂಡ ಉದಾಹರಣೆಗಳನ್ನು ಹಿರಿಯರು ಹೇಳುತ್ತಿದ್ದರು. ಪುಸ್ತಕ ಕಳೆದರೆ ಮೇಷ್ಟರನ್ನು ಹೊಣೆ ಮಾಡುವ, ಪುಸ್ತಕ ಯಾರೂ ಮುಟ್ಟದಿದ್ದರೆ ಯಾರನ್ನೂ ಕೇಳದ ಆ ನಿಯಮವನ್ನು ಮೊದಲು ಕಿತ್ತುಹಾಕಬೇಕು ಎಂದು ಅಂದಿನಿಂದ ಇಂದಿನವರೆಗೆ ವಾದಿಸುತ್ತಲೇ ಬಂದಿದ್ದೇನೆ.

ನಾನು ಬೀರುವಿನ ತಂಟೆಗೆ ಹೋಗಲಿಲ್ಲ. ಅಲ್ಲಿಕುಳಂನಿಂದ ನನ್ನ ದುಡ್ಡಿನಲ್ಲಿ ಹಳೇ ಪುಸ್ತಕ ತಂದೆ. ಹೋಟೆಲಿನಿಂದ ಅಕ್ಕಿಯ ಗೋಣಿ ತಂದು ಒಗೆದು, ಊಟದ ಬೆಲ್ ಹೊಡೆದ ಕೂಡಲೇ ತರಗತಿಯ ಮುಂದಿನ ವರಾಂಡದಲ್ಲಿ ಹಾಸಿದೆ. ಮುಖಪುಟ ಮೇಲೆ. ಹುಲಿ, ಭೂತ, ರೈಲು, ಕ್ರಿಕೆಟ್ಟು ಮುಂದಿನ ಸಾಲಿಗೆ. ನೀತಿಕಥೆ ಹಿಂದಕ್ಕೆ. ಮುಖಪುಟ ಕಿತ್ತುಹೋದವಕ್ಕೆ ಮಕ್ಕಳೇ ಹೊಸ ಮುಖಪುಟ ಬರೆದು ಅಂಟಿಸಿದರು. ಅದಕ್ಕೆ ಬೇಕಾದ ದಪ್ಪ ಕಾಗದದ ಚೂರುಗಳನ್ನು ಆಂಡರ್ಸನ್ ಬೀದಿಯ ಕಾಗದದ ಅಂಗಡಿಗಳಿಂದ ಹುಡುಗರೇ ತಂದರು. ಮದುವೆ ಕಾಗದ ಕತ್ತರಿಸಿ ಉಳಿದ ಅಂಚುಗಳು, ಅರಿಸಿನ ಬಣ್ಣ, ಗುಲಾಬಿ ಬಣ್ಣ, ಒಂದೊಂದರ ಮೇಲೆ ಅರ್ಧ ಗಣಪತಿ. ಒಂದು ಉದ್ದನೆಯ ನೋಟ್‌ಬುಕ್ಕು ಇಟ್ಟೆ. ತೆಗೆದುಕೊಂಡವರು ತಾವೇ ಬರೆಯಬೇಕು, ತಂದವರು ತಾವೇ ಹೊಡೆದುಹಾಕಬೇಕು. ಸಾರಾಂಶ ಬರೆಯುವ ಹಾಗಿಲ್ಲ, ನಾನೂ ಕೇಳುವ ಹಾಗಿಲ್ಲ. ಹಿಡಿಸದಿದ್ದರೆ ಅರ್ಧಕ್ಕೆ ಬಿಡಬಹುದು. ಎಂಟನೆಯವಳು ಮೂರನೆಯವರ ಚಿತ್ರಪುಸ್ತಕ ಓದಿದರೆ ಯಾರೂ ನಗುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಆ ಹೊತ್ತಿನಲ್ಲಿ ನಾನು ಅಲ್ಲೇ ಕೂತು ನನ್ನ ಪುಸ್ತಕ ಓದುತ್ತಿದ್ದೆ, ಕಾಪಿ ತಿದ್ದುತ್ತಿರಲಿಲ್ಲ.

ಆರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನಪ್ಪ ಮೂರು ಗಾಲಿಯ ಸೈಕಲ್ ಗಾಡಿಯಲ್ಲಿ ಕಾಗದದ ರೀಮು ಸಾಗಿಸುತ್ತಿದ್ದ. ಪಾಠದಲ್ಲಿ ಎದ್ದು ನಿಲ್ಲಿಸಿದರೆ ಒಂದು ಸಾಲು ಓದಲು ಬೆವರುತ್ತಿದ್ದ. ಗೋಣಿಯ ಮೇಲಿನಿಂದ ಅವನು ಎತ್ತಿಕೊಂಡದ್ದು ಆನೆಯ ಬಗ್ಗೆ ಒಂದು ಸಣ್ಣ ಪುಸ್ತಕ. ಮರುವಾರ ಅದನ್ನೇ ಎತ್ತಿಕೊಂಡ. ಅದರ ಮುಂದಿನ ವಾರವೂ ಅದನ್ನೇ. ಜೊತೆಯ ಟೀಚರೊಬ್ಬರು “ಬೇರೆ ಕೊಡಿ, ಅವನು ಓದುವ ನಾಟಕ ಮಾಡುತ್ತಿದ್ದಾನೆ” ಎಂದರು. ನಾನು ಕೊಡಲಿಲ್ಲ. ಮಳೆಗಾಲದ ಒಂದು ಮಧ್ಯಾಹ್ನ ನೋಡುತ್ತೇನೆ, ಅವನು ಐದನೆಯ ತರಗತಿಯ ಇಬ್ಬರನ್ನು ಕೂರಿಸಿಕೊಂಡು ಆ ಪುಸ್ತಕ ಓದಿ ಹೇಳುತ್ತಿದ್ದಾನೆ. ಬೆರಳು ಸಾಲಿನ ಕೆಳಗೆ ಓಡುತ್ತಿದೆ, ಕೆಲವು ಕಡೆ ಕಣ್ಣು ಪುಸ್ತಕದ ಮೇಲೇ ಇಲ್ಲ, ಬಾಯಿಪಾಠವಾಗಿಬಿಟ್ಟಿದೆ. ಅವತ್ತು ಅವನು ಹೊಸದೊಂದನ್ನು ತೆಗೆದುಕೊಂಡ, ತಿಮಿಂಗಿಲದ್ದು. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದುವ ಮಗುವನ್ನು ತಡೆಯಬೇಡಿ ಎಂದು ಹೇಳಲು ನನಗೆ ಅವನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮ ತರಗತಿಯಲ್ಲಿ ತಮಿಳು ಮಕ್ಕಳ ಜೊತೆ ಸೌಕಾರ್‌ಪೇಟೆಯ ಮಾರ್ವಾಡಿ ಮನೆಯವರು, ತೆಲುಗಿನವರು, ಹೋಟೆಲಿನ ಕನ್ನಡದವರು ಎಲ್ಲ ಇದ್ದರು. 1996ರಲ್ಲಿ ಚೆನ್ನೈಯಲ್ಲೇ ಶುರುವಾದ ತೂಲಿಕಾ ಪ್ರಕಾಶನ ಒಂದೇ ಚಿತ್ರಪುಸ್ತಕವನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತರತೊಡಗಿದಾಗ ನನಗೆ ನನ್ನ ಅಂಬುಲಿಮಾಮ, ಚಂದಮಾಮದ ಜೋಡಿಯೇ ತಿರುಗಿ ಬಂದ ಹಾಗಾಯಿತು. ಒಂದೇ ಪುಸ್ತಕದ ಎರಡು ಭಾಷೆಯ ಪ್ರತಿಗಳನ್ನು ಅಕ್ಕಪಕ್ಕ ಇಡುತ್ತಿದ್ದೆ. ಮಕ್ಕಳು ತಾವೇ ಕಂಡುಹಿಡಿದುಕೊಂಡರು. “ಇದು ಪರೀಕ್ಷೆಗೆ ಬರುತ್ತದಾ ಟೀಚರ್?” ಎಂದು ಕೇಳಿದ ತಾಯಿ ತಂದೆಯರೂ ಇದ್ದರು. ಬರುವುದಿಲ್ಲ ಎಂದು ನೇರವಾಗಿ ಹೇಳುತ್ತಿದ್ದೆ. ಓದಿದರೆ ಅಂಕ ಏರುತ್ತದೆ ಎಂದು ಆಸೆ ಹುಟ್ಟಿಸಬಹುದಿತ್ತು. ಹಾಗೆ ಮಾಡಿದ್ದರೆ ಹಳೇ ಇನ್‌ಸ್ಪೆಕ್ಟರನ್ನು ನಾನೇ ವರಾಂಡಕ್ಕೆ ಕರೆತಂದು ಕುರ್ಚಿ ಹಾಕಿದಂತಾಗುತ್ತಿತ್ತು.

ಈಗ ಸರ್ಕಾರಗಳೂ ಎಚ್ಚೆತ್ತಿವೆ, ಅದಕ್ಕೆ ನನಗೆ ನಿಜವಾದ ಸಂತೋಷವಿದೆ. ತಮಿಳುನಾಡಿನ ಶಾಲಾ ಶಿಕ್ಷಣ ಇಲಾಖೆ 2022ರಿಂದ ಮಕ್ಕಳಿಗೆಂದೇ ಪತ್ರಿಕೆ ತರುತ್ತಿದೆ. ‘ಊಂಜಲ್’ ಸಣ್ಣವರಿಗೆ, ‘ತೇನ್‌ಚಿಟ್ಟು’ ಆರರಿಂದ ಒಂಬತ್ತನೆಯವರಿಗೆ. ಕರ್ನಾಟಕದಲ್ಲಿ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಶುರುವಾಗಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಈಗ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರು. ಕಳೆದ ಬಾರಿ ಊರಿಗೆ ಹೋದಾಗ ಅಂಥ ಒಂದು ಕೇಂದ್ರದಲ್ಲಿ ಸ್ವಲ್ಪ ಹೊತ್ತು ಕೂತೆ. ಏಳನೆಯ ತರಗತಿಯ ಹುಡುಗಿಯರು ಗೋಡೆಗೆ ಒರಗಿ ಕಾಲು ಚಾಚಿ ಓದುತ್ತಿದ್ದರು. ಮೇಲ್ವಿಚಾರಕಿ ಪುಸ್ತಕಗಳನ್ನು ದಾರಕ್ಕೆ ಜೋತುಹಾಕಿದ್ದರು, ಮುಖಪುಟ ಕಾಣುವಂತೆ. ಯಾರಿಂದ ಕಲಿತಿರಿ ಎಂದು ಕೇಳಿದೆ. “ಸಂತೆಯಲ್ಲಿ ಅಂಗಿ ಮಾರುವವರು ಹೀಗೇ ಹಾಕುತ್ತಾರಲ್ಲ ಅಮ್ಮ” ಎಂದರು.

ನಾನು ಪಾಠ ಹೇಳಿದ ಶಾಲೆಯಲ್ಲಿ ಈಗ ಇರುವ ಹೆಡ್‌ಮಿಸ್ ಚಿಕ್ಕ ವಯಸ್ಸಿನವರು. ತೇನ್‌ಚಿಟ್ಟುವಿನ ಕಟ್ಟು ಬಂದ ದಿನವೇ ಬಿಚ್ಚಿ ವರಾಂಡಕ್ಕೆ ಕಳಿಸುತ್ತಾರೆ. ಬೀರುವಿನ ಕೀಲಿಯನ್ನು ಎಂಟನೆಯ ತರಗತಿಯ ಇಬ್ಬರು ಮಕ್ಕಳ ಕೈಗೆ ಕೊಟ್ಟಿದ್ದಾರೆ. ಕಳೆದುಹೋದ ಪುಸ್ತಕಗಳಿಗೆ ಬೇರೆಯೇ ಒಂದು ಪುಟ ಮಾಡಿ, ಓದಿ ಸವೆದದ್ದು ಎಂದು ಬರೆದು ತಾವೇ ಸಹಿ ಹಾಕುತ್ತಾರೆ. ಕನ್ನಡ ಮತ್ತು ತೆಲುಗು ಪುಸ್ತಕ ಅಲ್ಲಿ ಇನ್ನೂ ಕಡಿಮೆ. ಜನವರಿಯ ಪುಸ್ತಕ ಮೇಳದಲ್ಲಿ ಕೊಳ್ಳಬೇಕಾದ್ದನ್ನು ಪಟ್ಟಿ ಮಾಡಲು ಮಕ್ಕಳಿಗೇ ಹೇಳಿದ್ದೇವೆ. ಮೊದಲ ಸಾಲಿನಲ್ಲಿ ಭೂತದ ಕಥೆ ಬೇಕು ಎಂದು ಬರೆದಿದ್ದಾರೆ, ಅಡಿಗೆರೆ ಎಳೆದು.